ಟ್ಯೂಬಿನ ಕುಚ್ಚನ್ನೂ ನೋಡಿದ ಲ್ಯಾಬು

ಮೊದಲೇ ಹೇಳಿಬಿಡುತ್ತೇನೆ, ಈ ಬಯಾಪ್ಸಿ ಲ್ಯಾಬಿನ, ಅಂದರೆ ಆಪರೇಷನ್ನಿನಲ್ಲಿ ತೆಗೆದ ಅಂಗ ಪರೀಕ್ಷೆ ಮಾಡುವ ಲ್ಯಾಬಿನ, ಲಿಫ್ಟ್ ಕೆಟ್ಟಿದೆ. ನಾನು ಹೋದ ನಾಲ್ಕು ಸಲವೂ ಕೆಟ್ಟೇ ಇತ್ತು. ಗರ್ಭಕೋಶ ತೆಗೆಸಿಕೊಂಡು ಮೂರು ವಾರ ಆಗಿರೋ ಹೆಂಗಸು ಎರಡು ಮಹಡಿ ಹತ್ತಬೇಕು ಅಂದರೆ ಹೇಗಿರುತ್ತೆ ನೀವೇ ಯೋಚನೆ ಮಾಡಿ. ಹೊಟ್ಟೆ ಹಿಡಿದುಕೊಂಡು, ಮೆಟ್ಟಿಲ ತಿರುವಿನಲ್ಲಿ ಹತ್ತು ನಿಮಿಷ ಕೂತು, ಮತ್ತೆ ಎದ್ದು ಹತ್ತಿದೆ. ಇಷ್ಟಾದ ಮೇಲೂ ಈ ಲ್ಯಾಬಿನ ಬಗ್ಗೆ ಒಳ್ಳೇದು ಬರೆಯೋಕೆ ಕೂತಿದ್ದೇನೆ ಅಂದರೆ ಏನೋ ಕಾರಣ ಇರಲೇಬೇಕು ಅಲ್ವಾ.

ಹೆಸರು ಹಾಕುತ್ತಿಲ್ಲ. ಅಲ್ಲಿನ ಡಾಕ್ಟರಮ್ಮನೇ ಬೇಡ ಅಂದರು. ದಾವಣಗೆರೆ ಪಿ.ಜೆ. ಬಡಾವಣೆ. ಕೆಳಗೆ ಮೆಡಿಕಲ್ ಸ್ಟೋರು, ಅದರ ಮೇಲೆ ಹಲ್ಲಿನ ಡಾಕ್ಟರು, ಅದರ ಮೇಲೆ ಇದು. ಪಿ.ಜೆ. ಬಡಾವಣೆಯಲ್ಲಿ ಇಂಥ ಕಟ್ಟಡ ಬೀದಿಗೆ ನಾಲ್ಕಿವೆ. ಆದ್ದರಿಂದ ಈ ಗುರುತಿನ ಮೇಲೆ ಹುಡುಕಬೇಡಿ. ನಿಮ್ಮ ಊರಿನ ಲ್ಯಾಬಿನಲ್ಲಿ ಏನು ಕೇಳಬೇಕು ಅನ್ನೋದು ಗೊತ್ತಾದರೆ ಸಾಕು.

ನಾನು ಸೀರೆಗೆ ಕುಚ್ಚು ಕಟ್ಟುವವಳು. ನಿಟ್ಟುವಳ್ಳಿಯಲ್ಲಿ ಮನೆ. ಹದಿನೆಂಟು ವರ್ಷದಿಂದ ಇದೇ ಕೆಲಸ. ಚೌಕಿಪೇಟೆಯ ಎರಡು ಅಂಗಡಿಯವರು ಸೀರೆ ಕಳಿಸುತ್ತಾರೆ. ಮದುವೆ ಸೀಸನ್ ಬಂದರೆ ದಿನಕ್ಕೆ ಐದು ಸೆರಗು ಮುಗಿಸುತ್ತೇನೆ. ಬೇಬಿ ಕುಚ್ಚು, ಕ್ರೋಶಾ ಕುಚ್ಚು, ಮಣಿ ಹಾಕಿದ್ದು, ಎಲ್ಲಾ. ಲ್ಯಾಬಿನ ವಿಷಯದಲ್ಲಿ ಕುಚ್ಚು ಯಾಕೆ ಬಂತು ಅಂತೀರಾ, ಬರುತ್ತೆ ಇರಿ.

ನನಗೀಗ 47. ಎರಡು ವರ್ಷದಿಂದ ಮುಟ್ಟು ಬಂದರೆ ಹನ್ನೆರಡು ದಿನವಾದರೂ ನಿಲ್ಲುತ್ತಿರಲಿಲ್ಲ. ರಕ್ತ 7.2ಕ್ಕೆ ಇಳಿದಿತ್ತು. ಸ್ಕ್ಯಾನಿಂಗಿನಲ್ಲಿ ಗರ್ಭಕೋಶದೊಳಗೆ ಮೂರು ಗಡ್ಡೆ ಕಂಡವು. ತೆಗೆಸೋದೇ ಸರಿ ಅಂದರು. ನನ್ನದೊಂದು ಬೇರೆ ಭಯ ಇತ್ತು. ಹೊಳಲ್ಕೆರೆಗೆ ಕೊಟ್ಟಿದ್ದ ನಮ್ಮ ಅಕ್ಕ ಅಂಡಾಶಯದ ಕ್ಯಾನ್ಸರಿನಲ್ಲಿ ತೀರಿಕೊಂಡಳು, 52ಕ್ಕೆ. ಹೊಟ್ಟೆ ಉಬ್ಬರ, ಗ್ಯಾಸು ಅಂತ ಎಂಟು ತಿಂಗಳು ಓಮಿನ ಕಾಳಿನ ಕಷಾಯ ಕುಡಿದಳು. ಗೊತ್ತಾದಾಗ ಹೊಟ್ಟೆಯೆಲ್ಲಾ ಹರಡಿತ್ತು. ಅವಳಿಗೆ ಕೀಮೋ ಕೊಡುತ್ತಿದ್ದ ಬೆಂಗಳೂರಿನ ಡಾಕ್ಟರು ಒಂದು ದಿನ ನನ್ನನ್ನು ಕರೆದು, "ನಿಮಗೆ ಮುಂದೆ ಯಾವತ್ತಾದರೂ ಗರ್ಭಕೋಶದ ಆಪರೇಷನ್ ಆದರೆ ಅದರ ಎರಡೂ ಕಡೆ ಇರೋ ಟ್ಯೂಬನ್ನೂ, ಅಂದರೆ ಅಂಡನಾಳವನ್ನೂ, ತೆಗೆಸಿ. ತೆಗೆಸಿದ ಮೇಲೆ ಅದರ ತುದಿಯನ್ನ ಪೂರ್ತಿ ಪರೀಕ್ಷೆ ಮಾಡಿಸಿ" ಅಂದಿದ್ದರು. ತುದಿ ಅಂದರೆ ಯಾವ ತುದಿ ಅಂತ ಆಗ ಕೇಳಲಿಲ್ಲ. ಅಕ್ಕನ ಮುಖ ನೋಡುತ್ತಾ ನಿಂತಿದ್ದವಳಿಗೆ ಅದೆಲ್ಲಿ ಹೊಳೆಯಬೇಕು.

ಆಪರೇಷನ್ ಒಂದು ನರ್ಸಿಂಗ್ ಹೋಮಿನಲ್ಲಿ ಆಯಿತು. ಸರ್ಜನ್ ಕೈ ಒಳ್ಳೇದು, ಅದರಲ್ಲಿ ಎರಡು ಮಾತಿಲ್ಲ. ಗರ್ಭಕೋಶ, ಎರಡು ಟ್ಯೂಬು, ಎರಡು ಅಂಡಾಶಯ, ಎಲ್ಲಾ ತೆಗೆದರು. ಆಮೇಲೆ ನಡೆದದ್ದು ಮಾತ್ರ ನೋಡಿ. ಸಿಸ್ಟರ್ ಒಬ್ಬರು ಬಿಳಿ ಪ್ಲಾಸ್ಟಿಕ್ ಡಬ್ಬಿ ತಂದು ನಮ್ಮ ಮನೆಯವರ ಕೈಗೆ ಕೊಟ್ಟು, "ಬಯಾಪ್ಸಿಗೆ ಕೊಟ್ಟು ಬನ್ನಿ, ಚೀಟಿ ಮೇಲೆ ಲ್ಯಾಬಿನ ಹೆಸರಿದೆ" ಅಂದರಂತೆ. ನಮ್ಮ ಮನೆಯವರು ಎಪಿಎಂಸಿಯಲ್ಲಿ ಗುಮಾಸ್ತರು. ಮೆಕ್ಕೆಜೋಳದ ಚೀಲ ಲೆಕ್ಕ ಹಾಕುವ ಮನುಷ್ಯ. ಆ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಆಟೋದಲ್ಲಿ ಕೂತಾಗ ಕೈ ನಡುಗಿತು ಅಂತ ಆಮೇಲೆ ಹೇಳಿದರು. ಡಬ್ಬಿಯಲ್ಲಿ ಫಾರ್ಮಲಿನ್ ಅರ್ಧಕ್ಕೇ ಇತ್ತಂತೆ. ಅಂಗ ಮುಳುಗಿರಲೇ ಇಲ್ಲ, ಮೇಲೆ ತೇಲುತ್ತಿತ್ತು.

ಇದು ಸಣ್ಣ ವಿಷಯ ಅಲ್ಲ ಅಂತ ಈಗ ಗೊತ್ತಾಗಿದೆ. ತೆಗೆದ ಅಂಗ ಕೊಳೆಯದ ಹಾಗೆ ಹಿಡಿದಿಡೋದು ಫಾರ್ಮಲಿನ್. ಅಂಗದ ಹತ್ತು ಪಟ್ಟು ಸುರಿಯಬೇಕು ಅನ್ನೋದು ಲೆಕ್ಕ. ಕಡಿಮೆ ಆದರೆ ಒಳಗಿನ ಜೀವಕೋಶ ಕೆಡುತ್ತಾ ಹೋಗುತ್ತೆ. ಆಮೇಲೆ ಎಂಥ ಡಾಕ್ಟರು ಮೈಕ್ರೋಸ್ಕೋಪ್ ಇಟ್ಟರೂ ಸರಿಯಾಗಿ ಕಾಣಲ್ಲ. ಪುಣ್ಯಕ್ಕೆ ಚೀಟಿಯಲ್ಲಿದ್ದ ಆ ಮೊದಲನೇ ಲ್ಯಾಬಿನವರು (ನಾನು ಮೇಲೆ ಹೇಳಿದ ಪಿ.ಜೆ. ಬಡಾವಣೆಯದಲ್ಲ, ಇದು ಬೇರೆ) ತಗೊಂಡ ತಕ್ಷಣ ದೊಡ್ಡ ಡಬ್ಬಿಗೆ ಹಾಕಿ ತುಂಬ ಸುರಿದರಂತೆ. ಅವರನ್ನು ಬೈಯುವ ಮುಂಚೆ ಇದನ್ನ ಹೇಳಬೇಕು.

ಐದು ದಿನಕ್ಕೆ ರಿಪೋರ್ಟ್ ಬಂತು. ಒಂದೇ ಹಾಳೆ. ಗಡ್ಡೆ ಎಷ್ಟು ದೊಡ್ಡದು, ಒಳಗೆ ಹೇಗಿದೆ ಅಂತ ನಾಲ್ಕು ಸಾಲು. ಗರ್ಭಕೋಶದ ಕಂಠಕ್ಕೆ ಎರಡು ಸಾಲು. ಅಂಡಾಶಯಕ್ಕೆ ಒಂದು. ಕ್ಯಾನ್ಸರ್ ಇಲ್ಲ ಅಂತ ದಪ್ಪ ಅಕ್ಷರದಲ್ಲಿ ಇತ್ತು. ಮನೆಯಲ್ಲಿ ಎಲ್ಲರೂ ದೇವರಿಗೆ ಕೈ ಮುಗಿದರು. ಟ್ಯೂಬಿನ ಬಗ್ಗೆ ಮಾತ್ರ ಎರಡೂ ಸೇರಿಸಿ ಒಂದು ಸಾಲು: ವಿಶೇಷವೇನಿಲ್ಲ. ಎಷ್ಟು ತುಂಡು ನೋಡಿದ್ದಾರೆ ಅಂತ ಕೆಳಗೆ ಪಟ್ಟಿ ಇತ್ತು. ಬಲಗಡೆ ಟ್ಯೂಬು ಒಂದು, ಎಡಗಡೆ ಒಂದು. ತುದಿ ಅನ್ನೋ ಮಾತೇ ಇಲ್ಲ.

ಬೆಂಗಳೂರಿನ ಡಾಕ್ಟರ ಮಾತು ಆಗ ತಲೆಗೆ ಬಂತು. ಮಗನಿಗೆ ಫೋನ್ ಮಾಡಿ ಯಾವ ತುದಿ ಹುಡುಕಪ್ಪಾ ಅಂದೆ. ಒಬ್ಬನೇ ಮಗ, ಬೆಂಗಳೂರಿನಲ್ಲಿ ಕೆಲಸ. ಅವನು ಹುಡುಕಿ ಹೇಳಿದ. ಟ್ಯೂಬು ಹತ್ತು ಹನ್ನೆರಡು ಸೆಂಟಿಮೀಟರ್ ಉದ್ದ. ಒಂದು ತುದಿ ಗರ್ಭಕೋಶಕ್ಕೆ ಸೇರಿರುತ್ತೆ. ಇನ್ನೊಂದು ತುದಿ ಅಂಡಾಶಯದ ಮೇಲೆ ಬಾಯಿ ತೆರೆದುಕೊಂಡು ಇರುತ್ತೆ, ಅದರ ಅಂಚಿನಲ್ಲಿ ಎಳೆ ಎಳೆಯಾಗಿ ಇಳಿಬಿದ್ದಿರುತ್ತೆ. ಅದಕ್ಕೆ ಫಿಂಬ್ರಿಯಾ ಅಂತ ಹೆಸರು. "ಅಮ್ಮಾ, ಅದು ಲ್ಯಾಟಿನ್ ಪದ. ಅರ್ಥ ಏನು ಗೊತ್ತಾ? ಕುಚ್ಚು" ಅಂದ. ನಾನು ನಕ್ಕುಬಿಟ್ಟೆ. ಹೊಲಿಗೆ ಎಳೆಯಿತು, ಆದರೂ ನಗು ನಿಲ್ಲಲಿಲ್ಲ. ಹದಿನೆಂಟು ವರ್ಷ ಊರಿನ ಹೆಂಗಸರ ಸೆರಗಿಗೆಲ್ಲ ಕಟ್ಟಿದವಳು, ನನ್ನ ಹೊಟ್ಟೆಯಲ್ಲೇ ಎರಡು ಇತ್ತು ಅಂತ ಗೊತ್ತಿರಲಿಲ್ಲ.

ಅಂಡಾಶಯದಿಂದ ಮೊಟ್ಟೆ ಹೊರಬಿದ್ದಾಗ ಅದನ್ನ ಹಿಡಿದು ಟ್ಯೂಬಿನೊಳಗೆ ಎಳೆದುಕೊಳ್ಳೋದು ಈ ಕುಚ್ಚಿನ ಕೆಲಸ. ಅಂಡಾಶಯದ ಕ್ಯಾನ್ಸರ್ ಅಂತ ನಾವು ಕರೆಯುವುದರಲ್ಲಿ ಜಾಸ್ತಿ ಜನಕ್ಕೆ ಬರುವ, ಜಾಸ್ತಿ ಜನರನ್ನು ಕೊಲ್ಲುವ ಜಾತಿ ಬಹಳ ಸಲ ಹುಟ್ಟೋದು ಇಲ್ಲೇ ಅಂತೆ, ಅಂಡಾಶಯದಲ್ಲಲ್ಲ. 2001ರಲ್ಲಿ ನೆದರ್ಲ್ಯಾಂಡ್ಸಿನ ಡಾಕ್ಟರುಗಳು, ಮನೆತನದಲ್ಲಿ ಈ ಕ್ಯಾನ್ಸರ್ ಇದ್ದ ಹೆಂಗಸರಿಂದ ಮುಂಜಾಗ್ರತೆಗೆ ತೆಗೆದ ಟ್ಯೂಬುಗಳನ್ನು ನೋಡಿದಾಗ ಮೊದಲ ಸುಳಿವು ಸಿಕ್ಕಿತಂತೆ. ಅದಕ್ಕೂ ಮುಂಚೆ ಯಾರೂ ಟ್ಯೂಬನ್ನು ಅಷ್ಟು ಗಮನ ಕೊಟ್ಟು ನೋಡುತ್ತಲೇ ಇರಲಿಲ್ಲ. ಸೀರೆ ನೋಡೋರು ಮೈ, ಬಾರ್ಡರ್ ನೋಡಿ ಸೆರಗಿನ ತುದಿ ಬಿಟ್ಟ ಹಾಗೆ.

ಮೊದಲನೇ ಲ್ಯಾಬಿಗೆ ಹೋಗಿ ಕೇಳಿದ್ದಕ್ಕೆ ಕೌಂಟರಿನ ಹುಡುಗ, "ರಿಪೋರ್ಟ್ ನಾರ್ಮಲ್ ಇದೆಯಲ್ಲ ಅಕ್ಕಾ, ಇನ್ನೇನು?" ಅಂದ. ಹಾಗಾದರೆ ಇನ್ನೊಂದು ಲ್ಯಾಬಿಗೆ ತೋರಿಸುತ್ತೇನೆ, ನೋಡಿದ ತುಂಡುಗಳನ್ನು ಕೊಡಿ ಅಂದೆ. ಬ್ಲಾಕ್, ಸ್ಲೈಡ್ ಎಲ್ಲಾ ಕೊಡೋಕೆ ಬರಲ್ಲ ಅಂದ. ಸರ್ಜನ್ ಹತ್ತಿರ ಹೋಗಿ ಒಂದು ಪತ್ರ ಬರೆಸಿಕೊಂಡು ಬಂದಮೇಲೆ ಅದೇ ಹುಡುಗ ಹತ್ತು ನಿಮಿಷದಲ್ಲಿ ಕೊಟ್ಟ. ನೋಡಿ ಬಿಟ್ಟ ಅಂಗ ಕೂಡ ಇನ್ನೂ ಡಬ್ಬಿಯಲ್ಲೇ ಇತ್ತು. ರಿಪೋರ್ಟ್ ಕೊಟ್ಟ ಮೇಲೆ ಕೆಲವು ವಾರ ಇಟ್ಟು, ಆಮೇಲೆ ಹಳದಿ ಚೀಲಕ್ಕೆ ಹಾಕಿ ಸುಡೋಕೆ ಕಳಿಸುತ್ತಾರೆ. ನನ್ನ ಡಬ್ಬಿಯ ಸರದಿ ಮುಂದಿನ ಸೋಮವಾರ ಇತ್ತು. ನಾನು ಹೋದದ್ದು ಗುರುವಾರ.

ಸರಿ, ಈಗ ಎರಡನೇ ಲ್ಯಾಬು.

ಒಳಗೆ ಹೋದರೆ ನಾಲ್ಕು ಕುರ್ಚಿ, ಒಂದು ಫ್ಯಾನು, ಗೋಡೆಯಲ್ಲಿ ಶರಣರ ಕ್ಯಾಲೆಂಡರು. ಬಿಲ್ಲಿಂಗಿನ ಹುಡುಗಿ ನನ್ನ ಹೆಸರನ್ನು ಎರಡು ಸಲ ತಪ್ಪು ಹೊಡೆದಳು. ಇಂಥ ಕಡೆ ಹೆಸರು ತಪ್ಪಾದರೆ ಇನ್ನೊಬ್ಬರ ಟ್ಯೂಬು ನನ್ನದಾಗುತ್ತೆ ಕಣಮ್ಮಾ ಅಂದೆ. ಸಾರಿ ಆಂಟಿ ಅಂತ ಸರಿ ಮಾಡಿದಳು. ಅಷ್ಟರಲ್ಲಿ ಡಾಕ್ಟರಮ್ಮ ಹೊರಗೆ ಬಂದರು. ಐವತ್ತರ ಆಸುಪಾಸು, ಕಾಟನ್ ಸೀರೆ, ಮೇಲೆ ಬಿಳಿ ಕೋಟು. ಸೆರಗಿಗೆ ಕುಚ್ಚಿರಲಿಲ್ಲ, ಕಣ್ಣು ಅಲ್ಲಿಗೇ ಹೋಯಿತು, ಏನು ಮಾಡೋದು.

ಹಳೇ ರಿಪೋರ್ಟ್ ಓದಿದರು. ಅದರ ಬಗ್ಗೆ ಒಂದು ಕೆಟ್ಟ ಮಾತು ಆಡಲಿಲ್ಲ. "ಗಡ್ಡೆಗೆ ಅಂತ ತೆಗೆದ ಗರ್ಭಕೋಶದಲ್ಲಿ ಟ್ಯೂಬಿಗೆ ಒಂದೊಂದು ತುಂಡು ತಗೊಳ್ಳೋದು ಹಳೇ ರೂಢಿ. ಅವರಿಗೆ ನಿಮ್ಮ ಅಕ್ಕನ ವಿಷಯ ಯಾರಾದರೂ ಹೇಳಿದ್ರಾ?" ಅಂತ ಕೇಳಿದರು. ನಾನು ಸುಮ್ಮನಾದೆ. ನರ್ಸಿಂಗ್ ಹೋಮಿನ ಚೀಟಿಯಲ್ಲಿ ಬರೆದಿದ್ದು ನನ್ನ ಹೆಸರು, ವಯಸ್ಸು, ಗಡ್ಡೆ, ಇಷ್ಟೇ. ಇದೊಂದು ಮಾತ್ರ ದಯವಿಟ್ಟು ನೆನಪಿಡಿ: ಮನೆಯಲ್ಲಿ ಯಾರಿಗಾದರೂ ಅಂಡಾಶಯದ್ದೋ ಸ್ತನದ್ದೋ ಕ್ಯಾನ್ಸರ್ ಆಗಿದ್ದರೆ ಬಯಾಪ್ಸಿ ಚೀಟಿಯ ಮೇಲೆ ಬರೆಸಿ. ಸರ್ಜನ್ ಮರೆತರೆ ನೀವೇ ಪೆನ್ನು ತಗೊಂಡು ಬರೆಯಿರಿ.

ಅವರು ಮಾಡುವ ವಿಧಾನಕ್ಕೆ ಸೀ-ಫಿಮ್ ಅಂತ ಹೆಸರು. ಬಾಸ್ಟನ್ನಿನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯವರು ರೂಢಿಗೆ ತಂದದ್ದಂತೆ. ಫಾರ್ಮಲಿನ್‌ನಲ್ಲಿ ಚೆನ್ನಾಗಿ ಗಟ್ಟಿಯಾದ ಟ್ಯೂಬಿನಿಂದ ಕುಚ್ಚಿನ ತುದಿಯನ್ನು ಬೇರೆ ಮಾಡುತ್ತಾರೆ. ಅದನ್ನು ಉದ್ದಕ್ಕೆ ಸೀಳುತ್ತಾರೆ, ಎಳೆಗಳ ಮೈಯೆಲ್ಲಾ ಕಾಣಬೇಕಲ್ಲ, ಅದಕ್ಕೆ. ಉಳಿದ ಟ್ಯೂಬನ್ನು ಬೆಂಡೆಕಾಯಿ ಹೆಚ್ಚಿದ ಹಾಗೆ ಅಡ್ಡಕ್ಕೆ, ಎರಡು ಮೂರು ಮಿಲಿಮೀಟರಿಗೆ ಒಂದು ಬಿಲ್ಲೆ. ಒಂದು ಚೂರೂ ಬಿಡುವ ಹಾಗಿಲ್ಲ, ಎಲ್ಲವೂ ಮೈಕ್ರೋಸ್ಕೋಪಿನ ಕೆಳಗೆ ಹೋಗಬೇಕು. ಮೊದಲನೇ ಲ್ಯಾಬಿನಲ್ಲಿ ನನ್ನ ಎರಡು ಟ್ಯೂಬಿನಿಂದ ಆಗಿದ್ದು ಎರಡು ಬ್ಲಾಕು. ಇಲ್ಲಿ ಹೊಸದಾಗಿ ಆಗಿದ್ದು ಹನ್ನೊಂದು.

ಬ್ಲಾಕ್ ಅಂದರೆ ಮೇಣದ ಸಣ್ಣ ಇಟ್ಟಿಗೆ. ಒಳಗೆ ಅಂಗದ ಬಿಲ್ಲೆ ಕೂತಿರುತ್ತೆ. ಅದನ್ನ ಯಂತ್ರಕ್ಕೆ ಹಾಕಿ ನಾಲ್ಕು ಮೈಕ್ರಾನ್ ದಪ್ಪಕ್ಕೆ ಹೆರೆಯುತ್ತಾರೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರ ಭಾಗದಲ್ಲಿ ಒಂದು ಭಾಗ. ಹೆರೆದದ್ದು ರಿಬ್ಬನ್ ತರ ಬರುತ್ತೆ. ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು, ಸುಕ್ಕು ಬಿಟ್ಟಮೇಲೆ ಗಾಜಿನ ಮೇಲೆ ಎತ್ತಿಕೊಳ್ಳುತ್ತಾರೆ. ಟೆಕ್ನಿಷಿಯನ್ ಹುಡುಗ ಬಾಗಿಲು ತೆರೆದಿಟ್ಟು ಕೆಲಸ ಮಾಡುತ್ತಿದ್ದ, ನಾನು ಕುರ್ಚಿಯಿಂದಲೇ ನೋಡುತ್ತಾ ಕೂತೆ. ಕೈಯಲ್ಲಿ ಒಂದು ತೆಳು ಕುಂಚ. ಉಸಿರು ಬಿಟ್ಟರೆ ರಿಬ್ಬನ್ ಹಾರುತ್ತೆ ಅಂತ ಮೂಗಿಗೆ ಬಟ್ಟೆ. ಕೈಕೆಲಸದವರನ್ನು ಕೈಕೆಲಸದವರು ಗುರುತು ಹಿಡಿಯುತ್ತಾರೆ. ಆ ಹುಡುಗನ ಬೆರಳು ನೋಡಿದಾಗಲೇ ಇಲ್ಲಿ ಕೊಟ್ಟ ದುಡ್ಡು ಹಾಳಾಗಲ್ಲ ಅನ್ನಿಸಿತು.

ಆಮೇಲೆ ಬಣ್ಣ ಹಾಕುತ್ತಾರೆ. ನೇರಳೆ ಬಣ್ಣ ಮಧ್ಯ ಅಮೆರಿಕ ಕಡೆಯ ಒಂದು ಮರದ ಚೇಗಿನಿಂದ ಬರುತ್ತಂತೆ, ಹಿಂದೆ ಬಟ್ಟೆಗೂ ಅದನ್ನೇ ಹಾಕುತ್ತಿದ್ದರಂತೆ. ಇನ್ನೊಂದು ಗುಲಾಬಿ. ಎರಡೇ ಬಣ್ಣದಲ್ಲಿ ಜೀವಕೋಶದ ಜಾತಕವೆಲ್ಲಾ ಓದುತ್ತಾರೆ.

ನಾಲ್ಕು ದಿನ ಅಂದವರು ಒಂಬತ್ತು ದಿನ ಮಾಡಿದರು. ಇದಕ್ಕೆ ಒಂದು ಸ್ಟಾರ್ ಕಡಿಮೆ. ತಡ ಆಗುತ್ತೆ ಅಂತ ಅವರಾಗಿ ಫೋನ್ ಮಾಡಿ ಹೇಳಲಿಲ್ಲ, ನಾನೇ ಮಾಡಿದೆ. "ಒಂದು ಕಡೆ ಸ್ವಲ್ಪ ಅನುಮಾನ ಇದೆ, ಎರಡು ಸ್ಪೆಷಲ್ ಬಣ್ಣ ಹಾಕಬೇಕು, ಬೆಂಗಳೂರಿಗೆ ಕಳಿಸ್ತಿದೀವಿ" ಅಂತ ಬಿಲ್ಲಿಂಗಿನ ಹುಡುಗಿ ಸಲೀಸಾಗಿ ಹೇಳಿಬಿಟ್ಟಳು. ಬಸ್ಸಿನ ಟೈಮ್ ಹೇಳಿದ ಹಾಗೆ. ಆ ರಾತ್ರಿ ನಾನು ಮಲಗಲಿಲ್ಲ. ಆಪರೇಷನ್ ಆದ ಮೇಲೆ ಮೈ ಕಾವೇರುವುದು, ಬೆವರುವುದು ಬೇರೆ ಶುರುವಾಗಿತ್ತು. ಸೀರೆ ಹಾಸಿಕೊಂಡು ಮಧ್ಯರಾತ್ರಿ ಕುಚ್ಚು ಕಟ್ಟುತ್ತಾ ಕೂತೆ. ಬೆಳಿಗ್ಗೆ ನೋಡಿದರೆ ಗಂಟುಗಳು ಮೇಲೆ ಕೆಳಗೆ. ಎಲ್ಲಾ ಬಿಚ್ಚಿದೆ. ಇಂಥ ಮಾತನ್ನ ಫೋನಿನಲ್ಲಿ ಡಾಕ್ಟರೇ ಹೇಳಬೇಕು. ಅದನ್ನ ಡಾಕ್ಟರಮ್ಮನಿಗೂ ಹೇಳಿದೆ. ಒಪ್ಪಿಕೊಂಡರು.

ಮತ್ತೆ ಮೆಟ್ಟಿಲು ಹತ್ತಿ ಹೋದಾಗ ಒಳಗೆ ಕರೆದು ಕೂರಿಸಿದರು. ಅವರ ಮೈಕ್ರೋಸ್ಕೋಪಿಗೆ ಎರಡು ಕಡೆ ಕಣ್ಣಿಡುವ ಜಾಗ ಇತ್ತು. "ನೋಡ್ತೀರಾ?" ಅಂದರು. ಯಾರಾದರೂ ಬೇಡ ಅಂತಾರಾ.

ಮೊದಲು ಬೇರೆ ಯಾರದೋ ಆರೋಗ್ಯವಾದ ಟ್ಯೂಬು ಇಟ್ಟರು, ಹೋಲಿಸಿ ನೋಡೋಕೆ. ಏನು ಚೆಂದ ಅಂತೀರಿ! ಅಡ್ಡಕ್ಕೆ ಕೊಯ್ದ ಟ್ಯೂಬಿನ ಒಳಗೆ ಕೊತ್ತಂಬರಿ ಸೊಪ್ಪಿನ ಎಲೆ ತುಂಬಿಟ್ಟ ಹಾಗೆ ಮಡಿಕೆ ಮೇಲೆ ಮಡಿಕೆ, ಒಂದಕ್ಕೊಂದು ತಾಗದ ಹಾಗೆ ಬಿಡಿಬಿಡಿ. ಮಡಿಕೆಯ ಅಂಚಿನಲ್ಲಿ ಕಣ್ಣಿನ ರೆಪ್ಪೆಯ ಕೂದಲಿನಂಥದ್ದು. ಮೊಟ್ಟೆಯನ್ನು ಗರ್ಭಕೋಶದ ಕಡೆಗೆ ತಳ್ಳೋದು ಆ ಕೂದಲು.

ಆಮೇಲೆ ನನ್ನದು. ಎಡಗಡೆಯದು. ಮಡಿಕೆಗಳು ಬಿಡಿಯಾಗಿರಲಿಲ್ಲ. ಒಂದರ ತುದಿ ಇನ್ನೊಂದಕ್ಕೆ ಅಂಟಿ, ನಡುವೆ ತೂತು ತೂತು, ಜರಡಿ ತರ. ಕೂದಲು ಬಹಳ ಕಡೆ ಇಲ್ಲವೇ ಇಲ್ಲ. ಟ್ಯೂಬಿನ ಗೋಡೆ ದಪ್ಪ. ಕೊಯ್ಯುವ ಮುಂಚೆ ತೆಗೆದಿದ್ದ ಫೋಟೋ ಕೂಡ ತೋರಿಸಿದರು, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದದ್ದು. ಎಡಗಡೆ ಟ್ಯೂಬಿಗೆ ಕುಚ್ಚೇ ಇಲ್ಲ. ಎಳೆಗಳೆಲ್ಲ ಒಳಕ್ಕೆ ಮಡಿಚಿ ಅಂಟಿಕೊಂಡು ಬಾಯಿ ಮುಚ್ಚಿಹೋಗಿತ್ತು, ಬೆರಳ ತುದಿ ತರ ಮೊಂಡು. ಬಲಗಡೆ ಕುಚ್ಚು ಇತ್ತು. ಆದರೆ ಗೋಂದಿನಲ್ಲಿ ಅದ್ದಿ ಒಣಗಿಸಿದ ಹಾಗೆ ನಾಲ್ಕೈದು ಎಳೆ ಒಂದೊಂದು ಗಂಟಾಗಿ. ಅಂಗಡಿಯವರು ಇಂಥ ಸೆರಗು ತಂದರೆ ನಾನು ಕತ್ತರಿಸಿ ಹೊಸದಾಗಿ ಕಟ್ಟಬೇಕು ಅಂತೀನಿ.

"ಹಳೇ ಸೋಂಕು" ಅಂದರು. "ಯಾವತ್ತೋ ಬಂದು, ಯಾವತ್ತೋ ವಾಸಿಯಾಗಿದೆ. ಕಲೆ ಉಳಿದಿದೆ. ಸಾಲ್ಪಿಂಜೈಟಿಸ್ ಅಂತೀವಿ. ನಿಮಗೆ ಮಕ್ಕಳೆಷ್ಟು?"

ಒಬ್ಬ ಅಂದೆ. 2000ದಲ್ಲಿ ಹುಟ್ಟಿದ. 2003ರಲ್ಲಿ ಇನ್ನೊಂದು ನಿಂತಿತ್ತು. ಮೂರು ತಿಂಗಳಿಗೆ ಹೋಯಿತು. ಆಗ ಜಗಳೂರು ಕಡೆಯ ಅತ್ತೆ ಮನೆಯಲ್ಲಿದ್ದೆ. ಎರಡು ವಾರ ಜ್ವರ, ಕಿಬ್ಬೊಟ್ಟೆ ನೋವು, ವಾಸನೆ. ಮಾತ್ರೆ ನುಂಗಿ ಮಲಗಿದ್ದೆ. ಆಮೇಲೆ ಮಗು ನಿಲ್ಲಲೇ ಇಲ್ಲ.

ಡಾಕ್ಟರಮ್ಮ ಕನ್ನಡಕ ತೆಗೆದರು. "ಯಾವಾಗ ಆಯ್ತು ಅಂತ ಸ್ಲೈಡ್ ಹೇಳಲ್ಲಮ್ಮಾ. ಹೆರಿಗೆ ಆದಮೇಲೆ, ಗರ್ಭಪಾತ ಆದಮೇಲೆ ಕೆಳಗಿನಿಂದ ಸೋಂಕು ಹತ್ತಿದರೆ ಹೀಗಾಗಬಹುದು. ಬೇರೆ ಥರದ್ದೂ ಇರಬಹುದು. ಅದೇ ಕಾರಣ ಅಂತ ನಾನು ಬರೆದುಕೊಡೋಕೆ ಆಗಲ್ಲ. ಆದರೆ ಇಂಥ ಟ್ಯೂಬ್ ಇಟ್ಟುಕೊಂಡು ಮಗು ನಿಲ್ಲೋದು ಬಹಳ ಕಷ್ಟ" ಅಂದರು.

ಸರ್ಜನ್ ಆಪರೇಷನ್ ಆದ ಮರುದಿನ "ಒಳಗೆ ಸ್ವಲ್ಪ ಅಂಟಿಕೊಂಡಿತ್ತಮ್ಮ, ಬಿಡಿಸೋಕೆ ಟೈಮ್ ಆಯ್ತು" ಅಂದಿದ್ದರು. ಅದು ಆಗ ಕಿವಿಯ ಮೇಲೆ ಹಾದು ಹೋಗಿತ್ತು.

ನಮ್ಮ ಕಡೆ ಟಿಬಿಯೂ ಟ್ಯೂಬಿಗೆ ಬರುತ್ತೆ, ಮಕ್ಕಳಾಗದ ಹೆಂಗಸರಲ್ಲಿ ಅದನ್ನ ಮರೆಯೋ ಹಾಗಿಲ್ಲ ಅಂತ ಅದಕ್ಕೂ ಬೇರೆ ಬಣ್ಣ ಹಾಕಿ ನೋಡಿದ್ದರು. ಟಿಬಿಯ ಗಂಟು ಎಲ್ಲೂ ಇಲ್ಲ, ರೋಗಾಣುವೂ ಕಾಣಲಿಲ್ಲ. ಆ ಅನುಮಾನದ ಜಾಗ ಬಲಗಡೆ ಕುಚ್ಚಿನ ಒಂದು ಎಳೆಯಲ್ಲಿ ಇತ್ತು. ಅಲ್ಲಿ ಜೀವಕೋಶಗಳು ಒತ್ತೊತ್ತಾಗಿ, ಒಳಗಿನ ಬೀಜ ಸ್ವಲ್ಪ ದಪ್ಪ. ಬೆಂಗಳೂರಿನಿಂದ ಪಿ53, ಕೆಐ-67 ಅನ್ನೋ ಎರಡು ಬಣ್ಣ ಹಾಕಿಸಿ ತರಿಸಿದ್ದರು. ಪಿ53ರ ಲೆಕ್ಕ ನನಗೆ ಬಹಳ ಹಿಡಿಸಿತು. ಬಣ್ಣ ಎಲ್ಲಾ ಕೋಶಕ್ಕೂ ಗಾಢವಾಗಿ ಹತ್ತಿದರೂ ಕೆಟ್ಟದ್ದು, ಒಂದಕ್ಕೂ ಹತ್ತದೇ ಪೂರ್ತಿ ಖಾಲಿ ಇದ್ದರೂ ಕೆಟ್ಟದ್ದು. ಒಂದು ತಿಳಿ, ಒಂದು ಗಾಢ, ಒಂದು ಬಿಳಿ, ಹೀಗೆ ಮಿಶ್ರವಾಗಿದ್ದರೆ ಒಳ್ಳೇದು. ನನಗೆ ಬಂದಿದ್ದು ಮಿಶ್ರ. ನಾವು ಲಚ್ಚಿ ದಾರ ತಂದಾಗ ಬಣ್ಣ ಒಂದೇ ಸಮ ಇಲ್ಲ ಅಂತ ಅಂಗಡಿಯವನ ಹತ್ತಿರ ಜಗಳ ಆಡುತ್ತೇವೆ. ಇಲ್ಲಿ ಸಮ ಇಲ್ಲದಿದ್ದರೆ ದೇವರಿಗೆ ತೆಂಗಿನಕಾಯಿ! ಕೆಐ-67 ಅಂದರೆ ಎಷ್ಟು ಕೋಶ ಒಡೆದು ಹೆಚ್ಚುತ್ತಿವೆ ಅನ್ನೋ ಲೆಕ್ಕ. ಅದೂ ಕಡಿಮೆಯೇ ಇತ್ತು. ಹಳೇ ಉರಿಯೂತದಿಂದ ಕೋಶ ಹಾಗೆ ಆಗಿದೆ, ಕ್ಯಾನ್ಸರಿನ ಮೊದಲ ಹಂತ ಅಲ್ಲ ಅಂತ ಸ್ಪಷ್ಟವಾಗಿ ಬರೆದುಕೊಟ್ಟರು.

ರಿಪೋರ್ಟಿನಲ್ಲಿ ಇನ್ನೆರಡು ಹೆಸರಿದ್ದವು, ಮಗ ಅದನ್ನ ಓದಿ ಗಾಬರಿಯಾದ. ಒಂದು ಹೈಡಾಟಿಡ್ ಆಫ್ ಮಾರ್ಗಾನಿ. ಬಲಗಡೆ ಕುಚ್ಚಿನ ಪಕ್ಕ ದಾರದಲ್ಲಿ ನೇತುಬಿದ್ದ ಹಾಗೆ ಆರು ಮಿಲಿಮೀಟರಿನ ನೀರುಗುಳ್ಳೆ. ಮಣಿ ಕುಚ್ಚು ಅನ್ನಿ. ಇನ್ನೊಂದು ವಾಲ್ಥಾರ್ಡ್ ಗೂಡು, ಟ್ಯೂಬಿನ ಹೊರಮೈ ಮೇಲೆ ಸಾಸಿವೆಗಿಂತ ಸಣ್ಣ ಚುಕ್ಕಿ. ಎರಡೂ ಬಹಳ ಹೆಂಗಸರಲ್ಲಿ ಇರುತ್ತೆ, ಯಾವ ತೊಂದರೆಯೂ ಇಲ್ಲ. "ಕೆನ್ನೆ ಮೇಲಿನ ಮಚ್ಚೆ ಇದ್ದಂಗೆ. ಕಂಡಿದ್ದನ್ನ ಬರೀಬೇಕಲ್ಲ, ಬರೆದೆ" ಅಂದರು ಡಾಕ್ಟರಮ್ಮ.

ಈ ಮಾತಿಗೇ ನಾನು ದುಡ್ಡು ಕೊಟ್ಟಿದ್ದು ಅನ್ನಿಸುತ್ತೆ. ಕ್ಯಾನ್ಸರ್ ಇಲ್ಲ ಅಂತ ಮೊದಲನೇ ಲ್ಯಾಬೂ ಹೇಳಿತ್ತು, ಇವರೂ ಹೇಳಿದರು. ಉತ್ತರ ಒಂದೇ. ಆದರೆ ಅವರದು ನೋಡದೆ ಇಲ್ಲ ಅಂದದ್ದು, ಇವರದು ನೋಡಿ ಇಲ್ಲ ಅಂದದ್ದು. ನೋಡಿದ್ದರಿಂದ ಇಪ್ಪತ್ತೆರಡು ವರ್ಷದ ಇನ್ನೊಂದು ಲೆಕ್ಕವೂ ಸಿಕ್ಕಿತು.

ಬಿಲ್ ಹೇಳುತ್ತೇನೆ. ಉಳಿದ ಅಂಗ ಪೂರ್ತಿ ನೋಡಲು ₹3,200. ಎರಡು ಸ್ಪೆಷಲ್ ಬಣ್ಣಕ್ಕೆ ₹3,600. ಟಿಬಿ ಬಣ್ಣಕ್ಕೆ ₹350. ಒಟ್ಟು ₹7,150. ನನಗೆ ಇದು ಹದಿನೈದು ಸೀರೆಯ ಕುಚ್ಚಿನ ದುಡ್ಡು. ಜಾಸ್ತಿ ಅನ್ನಿಸಿದ್ದು ನಿಜ. ಮೊದಲೇ ಸರಿಯಾಗಿ ಮಾಡಿದ್ದರೆ ಇಷ್ಟು ಆಗುತ್ತಿರಲಿಲ್ಲ ಅಲ್ವಾ. ಫೋನ್ ಪೇ ತಗೊಳ್ಳುತ್ತಾರೆ, ರಸೀದಿ ಕೇಳಿದರೆ ಮಾತ್ರ ಕೊಡುತ್ತಾರೆ. ಕೇಳಿ. ರಿಪೋರ್ಟ್ ಪೂರ್ತಿ ಇಂಗ್ಲಿಷಿನಲ್ಲಿ. ಕೆಳಗೆ ಎರಡು ಸಾಲು ಕನ್ನಡ ಹಾಕಿದರೆ ಇವರ ಗಂಟೇನು ಹೋಗುತ್ತೋ ಗೊತ್ತಿಲ್ಲ. ಶೌಚಾಲಯ ಚೆನ್ನಾಗಿದೆ, ಅದನ್ನೂ ಹೇಳಬೇಕು, ಮೂರು ವಾರದ ಹೊಲಿಗೆ ಇಟ್ಟುಕೊಂಡವರಿಗೆ ಅದೂ ಮುಖ್ಯ. ಭಾನುವಾರ ರಜ. ಬೆಳಿಗ್ಗೆ ಹತ್ತರೊಳಗೆ ಹೋದರೆ ಡಾಕ್ಟರಮ್ಮ ಸಿಗುತ್ತಾರೆ, ಆಮೇಲೆ ಅವರು ಮೈಕ್ರೋಸ್ಕೋಪ್ ಬಿಟ್ಟು ಏಳಲ್ಲ. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು.

ಆವತ್ತು ಮೆಟ್ಟಿಲು ಇಳಿದು ಬಂದಾಗ ನಮ್ಮ ಮನೆಯವರು ಸ್ಕೂಟರ್ ಹತ್ತಿರ ಕಾಯುತ್ತಿದ್ದರು. ಏನಂದ್ರು ಅಂದರು. ಕ್ಯಾನ್ಸರ್ ಇಲ್ವಂತೆ ಅಂದೆ. ಬೆಣ್ಣೆ ದೋಸೆ ತಿನ್ನೋಣ ಬಾ ಅಂದರು. ದೋಸೆ ಬರುವ ಮುಂಚೆ ಉಳಿದದ್ದನ್ನೂ ಹೇಳಿದೆ. ಅವರು ಸುಮ್ಮನೆ ಚಟ್ನಿಯಲ್ಲಿ ಬೆರಳಾಡಿಸುತ್ತಾ ಕೂತರು. 2005ರಲ್ಲಿ ಇದೇ ಊರಿನ ಡಾಕ್ಟರೊಬ್ಬರು ಟ್ಯೂಬಿಗೆ ಬಣ್ಣದ ನೀರು ಬಿಟ್ಟು ಎಕ್ಸ್‌ರೇ ತೆಗೆಸಿ, ಗಂಡನ ವೀರ್ಯ ಪರೀಕ್ಷೆಯನ್ನೂ ಮಾಡಿಸಿ ಅಂತ ಚೀಟಿ ಕೊಟ್ಟಿದ್ದರು. ಎರಡನ್ನೂ ಮಾಡಿಸಲಿಲ್ಲ. ಉಚ್ಚಂಗಿದುರ್ಗಕ್ಕೆ ಹೋಗಿ ಹರಕೆ ಹೊತ್ತು ಬಂದೆವು. ಅಮ್ಮನವರ ಮೇಲೆ ನನಗೆ ಕೋಪ ಇಲ್ಲ. ಆ ಚೀಟಿ ಇನ್ನೂ ಟ್ರಂಕಿನಲ್ಲಿದೆ.

ಮನೆಗೆ ಬಂದು ಅತ್ತೆಗೂ ಹೇಳಿದೆ. ಅವರಿಗೆ 78. ಒಂದೇ ಕಣ್ಣು ಕಣ್ಣಲ್ಲ, ಒಂದೇ ಮಗ ಮಗನಲ್ಲ ಅಂತ ಇಷ್ಟು ವರ್ಷ ನೆಂಟರೆದುರು ಹೇಳಿಕೊಂಡು ಬಂದವರು. ಡಾಕ್ಟರಮ್ಮ ಫೋನಿಗೆ ಕಳಿಸಿದ್ದ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಆವಾಗ ಜ್ವರ ಬಂದಿತ್ತಲ್ಲ, ಆಸ್ಪತ್ರೆಗೆ ಹಾಕಬೇಕಿತ್ತು ಕಣೇ" ಅಂದರು. ಆಮೇಲೆ ಎದ್ದು ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆಯೆಲ್ಲ ತಂದು ಮಡಿಚಿಟ್ಟರು. ನಾನು ಮನೆಯಲ್ಲಿರುವಾಗ ಅವರು ಆ ಕೆಲಸ ಮಾಡಿದ್ದು ನಾನು ನೋಡಿದ್ದು ಅದೇ ಮೊದಲು.

ಬ್ಲಾಕು, ಸ್ಲೈಡು ವಾಪಸ್ ಕೇಳಿ ತಗೊಂಡಿದ್ದೇನೆ. ಪುಟ್ಟ ಪೆಟ್ಟಿಗೆಯಲ್ಲಿ ಹಾಕಿ, ಯಾವುದು ಯಾವ ಕಡೆಯದು ಅಂತ ನಂಬರ್ ಬರೆದುಕೊಟ್ಟಿದ್ದಾರೆ. ಬಿಸಿಲಿಗೆ ಇಡಬೇಡಿ, ಮೇಣ ಮೆತ್ತಗಾಗುತ್ತೆ ಅಂದಿದ್ದಾರೆ. ದಾವಣಗೆರೆಯ ಏಪ್ರಿಲ್ ಗೊತ್ತಲ್ಲ, ಬೀರುವಿನ ಕೆಳಗಿನ ಖಾನೆಯಲ್ಲಿ ರೇಷ್ಮೆ ದಾರದ ಡಬ್ಬಿಯ ಪಕ್ಕ ಇಟ್ಟಿದ್ದೇನೆ. ಮುಂದಿನ ತಿಂಗಳು ಬೆಂಗಳೂರಿಗೆ ಹೋಗಿ ರಕ್ತ ಕೊಡಬೇಕು. ಬಿಆರ್‌ಸಿಎ ಅಂತ ಒಂದು ಪರೀಕ್ಷೆ, ಈ ಕ್ಯಾನ್ಸರ್ ಮನೆತನದಲ್ಲಿ ಇಳಿದು ಬರುತ್ತಾ ಅಂತ ನೋಡೋದು. ಅಕ್ಕ ಇದ್ದಿದ್ದರೆ ಅವಳದೇ ನೋಡಬೇಕಿತ್ತು, ಈಗ ನನ್ನಿಂದ ಶುರು ಮಾಡುತ್ತಾರಂತೆ. ಅಕ್ಕನ ಮಗಳಿಗೆ 26. ಮಾಘದಲ್ಲಿ ಮದುವೆ. ಅವಳ ಧಾರೆ ಸೀರೆಗೆ ಕುಚ್ಚು ಕಟ್ಟೋಕೆ ನನ್ನ ಹತ್ತಿರವೇ ತಂದಿಟ್ಟಿದ್ದಾಳೆ. ಸೀರೆ ತಗೊಂಡು ಹೋಗೋಕೆ ಬಂದ ದಿನ ಕೂರಿಸಿಕೊಂಡು ಈ ಪೆಟ್ಟಿಗೆ ತೋರಿಸಬೇಕು ಅಂದುಕೊಂಡಿದ್ದೇನೆ.